ಹಾಜರಿ ಪುಸ್ತಕದ ಹೆಬ್ಬೆಟ್ಟು

ಕಳೆದ ವಾರ ಜಾಗದ ಕಾಗದಪತ್ರಕ್ಕೆಂದು ಉಡುಪಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತ ಶಾಯಿ ಪ್ಯಾಡಿನ ಮುಚ್ಚಳ ತೆರೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉದ್ಯಾವರದ ಹಂಚಿನ ಕಾರ್ಖಾನೆಯ ನಮ್ಮ ರೈಟರು ಕಣ್ಣೆದುರು ಬಂದರು...

ಅರುವತ್ತರ ದಶಕದ ಮಾತು. ಅವರು ಹಿರಿಯ ಗುಮಾಸ್ತರು, ನಾನು ಅವರ ಕೈಕೆಳಗಿನವನು. ಯಾರು ಬಂದರು, ಎಷ್ಟು ಹೊತ್ತು ದುಡಿದರು ಎಂದು ಬರೆದಿಡಬೇಕೆಂಬುದು ಸರಕಾರದ ಕಾಯಿದೆ. ಪುಸ್ತಕದಲ್ಲಿ ಒಂದು ಗೀಚು ಕಂಡರೂ ರೈಟರು ಕೆಂಡಾಮಂಡಲವಾಗುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ಹೆಂಗಸೊಬ್ಬಳು ಬಾಣಂತಿಯಾದರೆ, ಅವಳ ಕೆಲಸ ತಪ್ಪದಿರಲೆಂದು ತಂಗಿ ಅವಳ ಹೆಸರಿನಲ್ಲೇ ಬರುವುದಿತ್ತು. ಪುಸ್ತಕದಲ್ಲಿ ಅಕ್ಕನ ಹೆಸರು, ಅದರೆದುರು ದಿನಾ ತಂಗಿಯ ಬಲ ಹೆಬ್ಬೆಟ್ಟು. ಇದು ಕಾರ್ಖಾನೆಯ ಧನಿಗಳಿಗೂ ಗೊತ್ತಿತ್ತು.

ಹಾಗೆ ಬಂದವಳೊಬ್ಬಳ ಬಲಗೈ ಹಂಚು ಒತ್ತುವ ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನವರೆಗೆ ಹೋಯಿತು. ಮನೆಯವರು ಪರಿಹಾರ ಕೇಳಿದರೆ, ಅಂಥವಳು ನಮ್ಮಲ್ಲಿ ಕೆಲಸಕ್ಕೇ ಇಲ್ಲವೆಂದುಬಿಟ್ಟರು ಧನಿಗಳು. ವಿಚಾರಣೆಗೆ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಕೆಲಸದವರೆಲ್ಲ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಪುಸ್ತಕದ ತುಂಬ ಅವಳ ಹೆಬ್ಬೆಟ್ಟಿತ್ತು. ತಾಳೆ ನೋಡಲು ಬೆರಳೇ ಇರಲಿಲ್ಲ.

"ಒತ್ತಿಸಿದ್ದು ನಾನೇ ಸ್ವಾಮಿ. ತಪ್ಪು ನನ್ನದು. ಆದ್ರೆ ಆ ಹೆಬ್ಬೆಟ್ಟು ಅವಳದ್ದೇ" ಎಂದರು ರೈಟರು.

ಇನ್‌ಸ್ಪೆಕ್ಟರು ನನ್ನತ್ತ ತಿರುಗಿ, ಅವಳು ಹೆಬ್ಬೆಟ್ಟು ಒತ್ತುವುದನ್ನು ನೀವು ಕಂಡಿದ್ದೀರಾ ಎಂದು ಕೇಳಿದರು. ಧನಿಗಳು ಎದುರಿಗೇ ಕುಳಿತಿದ್ದರು. ನನ್ನ ಮನೆಯಲ್ಲಿ ಐದು ಬಾಯಿ...

"ನನಗೆ ಗೊತ್ತಿಲ್ಲ ಸಾರ್" ಎಂದೆ.

ದಿನಾ ಬೆಳಗ್ಗೆ ಅವಳ ಬೆರಳಿಗೆ ಶಾಯಿ ಹಚ್ಚುತ್ತಿದ್ದವನು ನಾನೇ.

ಅವಳಿಗೆ ಏನೂ ಸಿಗಲಿಲ್ಲ. ಸುಳ್ಳು ಹಾಜರಿ ಬರೆದರೆಂದು ರೈಟರನ್ನು ಕೆಲಸದಿಂದ ತೆಗೆದರು. ಅವರ ಕುರ್ಚಿ ನನಗೆ ಬಂತು. ನಾಚಿಕೆಯಿಲ್ಲದೆ ಕುಳಿತೆ.

ಎರಡು ವರ್ಷದ ಬಳಿಕ ಕಾಪು ಪೇಟೆಯಲ್ಲಿ ರೈಟರು ಎದುರಾದರು. ಬಡಕಲಾಗಿದ್ದರು. ಕಾಣದವನಂತೆ ದಾಟಲು ನೋಡಿದೆ, ಅವರೇ ಕರೆದರು. "ಎಂತ ಮಾರಾಯ, ಸೌಖ್ಯ ಉಂಟಾ? ಪುಸ್ತಕ ಸರಿಯಾಗಿ ಬರೀತಾ ಇದ್ದಿ ಅಲ್ವಾ?" ಅದರಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮತ್ತೆ ಅವರನ್ನು ಕಾಣಲಿಲ್ಲ; ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ.

ಕೈ ಕಳೆದುಕೊಂಡ ಆ ಹೆಂಗಸು ಈಗಲೂ ಮಟ್ಟುವಿನಲ್ಲಿ ಇದ್ದಾಳಂತೆ. ಇಲ್ಲಿಂದ ಅರ್ಧ ಗಂಟೆಯ ದಾರಿ. ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಎಷ್ಟು ಸಲ ಅಂಗಳಕ್ಕಿಳಿದಿದ್ದೇನೋ... ಇವತ್ತೂ ಇಳಿದೆ. ಗೇಟಿನವರೆಗೆ ಹೋಗಿ ವಾಪಸು ಬಂದೆ.