ಬೆಳಕಿಂಡಿ ಇಲ್ಲದ ಕೋಣೆ

ಪುಣೆಯ ಮನೆಗೆ ಕಾಲಿಟ್ಟ ದಿನ ನಾನು ಮೊದಲು ತಲೆಯೆತ್ತಿ ನೋಡಿದೆ. ಛಾವಣಿಯಲ್ಲಿ ಒಂದು ತೂತೂ ಇರಲಿಲ್ಲ. ಕಲಬುರಗಿಯ ನಮ್ಮ ಮಾಳಿಗೆಮನೆಯಲ್ಲಿ ಕೋಣೆಗೊಂದು ಬೆಳಕಿಂಡಿ. ಬೆಳಕು ಅದರಿಂದಲೇ ಒಳಗೆ, ಹೊಗೆ ಅದರಿಂದಲೇ ಹೊರಗೆ. ಇಲ್ಲಿ, ಮಗರಪಟ್ಟಾದ ಒಂಬತ್ತನೇ ಮಹಡಿಯಲ್ಲಿ, ಗೋಡೆಗಂಟಿದ ಬಿಳಿ ಪೆಟ್ಟಿಗೆಯೊಂದು ತಣ್ಣಗೆ ಉಸಿರು ಬಿಡುತ್ತಿತ್ತು.

ಊರಲ್ಲಿ ಕೂಲರ್ ಹಚ್ಚಿದರೆ ಕಿಟಕಿ ತೆರೆದಿಡಬೇಕು. ಇಲ್ಲಿ ಎ.ಸಿ. ಹಚ್ಚಿದರೆ ಎಲ್ಲ ಮುಚ್ಚಬೇಕು. ಗಂಡನ ನೌಕರಿಯ ಬೆನ್ನಿಗೆ ಬಂದ ನಾನು ಮರಾಠಿಗಿಂತ ಮೊದಲು ಇದನ್ನು ಕಲಿತೆ. ಬಾಗಿಲ ಸಂದಿಗೆ ಹಳೆ ಸೀರೆ ತುರುಕುವಷ್ಟು ಜಾಣೆಯಾದೆ. ಆ ಜಾಣತನದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಲಾಗಲಿಲ್ಲ, ಡಾಕ್ಟರು ಪ್ರಯಾಣ ಬೇಡವೆಂದರು. ಅವ್ವನೇ ಬಂದಳು. ಗಂಟಿನಲ್ಲಿ ಇದ್ದಿಲು, ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಮಣ್ಣಿನ ಅಗ್ಗಿಷ್ಟಿಗೆ. ಎಣ್ಣೆನೀರಾದ ಮೇಲೆ ಬಾಣಂತಿಯ ಮಂಚದ ಕೆಳಗೆ ಕೆಂಡವಿಟ್ಟು ಮೈ ಕಾಯಿಸುವುದನ್ನು ನಮ್ಮ ಮನೆಯಲ್ಲಿ ಯಾರೂ ಬಿಟ್ಟಿದ್ದಿಲ್ಲ.

ಮೇ ತಿಂಗಳ ಮಧ್ಯಾಹ್ನ, ಕೂಸು ನನ್ನ ಮಗ್ಗುಲಲ್ಲಿ ಮಲಗಿತ್ತು. ಕೆಂಡದ ಮೇಲೆ ಅಜವಾನ ಉದುರಿಸಿ ಅವ್ವ ಎಚ್ಚರಿಸಿದಳು: "ಕಿಡಕಿ ತೆಗದಿಟ್ಟೀನಿ, ಮುಚ್ಚಬ್ಯಾಡ ಮತ್ತ. ಹೊಗಿ ಹೊರಗ ಹೋಗ್ಲಿ." ಅವಳು ಅಡುಗೆಮನೆಗೆ ಹೋದದ್ದೇ ತಡ, ಬೆವರಲ್ಲಿ ತೊಯ್ದಿದ್ದ ನಾನು ಎದ್ದು ಕಿಟಕಿ, ಬಾಗಿಲು ಎರಡೂ ಮುಚ್ಚಿದೆ, ರಿಮೋಟ್ ಒತ್ತಿದೆ. ಹೊಗೆ ಅಷ್ಟರಲ್ಲಿ ಕರಗಿತ್ತು. ಕೆಂಡ ಮಾತ್ರ ಮಂಚದ ಕೆಳಗೇ ಇತ್ತು. ತಲೆ ಭಾರವಾಯಿತು, ನಿದ್ದೆ ಎಂದುಕೊಂಡೆ.

ಕಣ್ಣು ಬಿಟ್ಟಾಗ ಹೊರಗಿನ ಮೆಟ್ಟಿಲ ಬಳಿ ಮಲಗಿದ್ದೆ, ಅವ್ವ ಎಳೆದು ತಂದಿದ್ದಳು. ಎದುರುಮನೆಯ ಕಾಕು (ಇಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ) ಕೂಗುತ್ತಿದ್ದರು: "ಖಿಡಕ್ಯಾ ಉಘಡಾ!" ಕಿಟಕಿಗಳನ್ನು ತೆರೆಯಿರಿ ಎಂದು. ಅವ್ವನ ತೋಳಲ್ಲಿ ನನ್ನ ಮಗಳು ಅಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆ ಹೊತ್ತಿಗೆ ಕೂಸು ಅತ್ತಿತು. ಡಾಕ್ಟರು ಬಿಡಿಸಿ ಹೇಳಿದರು: ಇಂಥ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗಾಗಿಸುತ್ತದೆ. ಕೆಂಡದ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯೊಳಗೆ ಬೆಂಕಿ ಇಡಲೇಬಾರದು.

ಮುಚ್ಚಿದ ಕಿಟಕಿಯನ್ನು ಅವ್ವ ನೋಡಿದ್ದಳು. "ತೆಗದೀನಿ ಅನ್ಕೊಂಡಿದ್ದೆ, ಮರ್ತಿದ್ದೆ ಕಾಣ್ತದ. ನನ್ನ ಕೈಲೆ ಕೂಸು ಹೋಗ್ತಿತ್ತು, ಯವ್ವಾ," ಎಂದು ನನ್ನ ಗಂಡನ ಎದುರಿಗೇ ಅತ್ತಳು. ನಾನು ಮುಖ ತಿರುಗಿಸಿ ಕೂಸಿನ ಹೊದಿಕೆ ಸರಿಪಡಿಸಿದೆ.

ಈಗ ಮಗಳಿಗೆ ಎರಡು ವರ್ಷ. ಎ.ಸಿ. ಇಪ್ಪತ್ತಾರಕ್ಕಿಂತ ಕೆಳಗಿಳಿಯುವುದಿಲ್ಲ, ಗಾಳಿ ಮಗುವಿನ ಮೈಮೇಲೆ ನೇರ ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅದರ ಧೂಳು ಹಿಡಿಯುವ ಜಾಳಿಗೆ ತೊಳೆಯುತ್ತೇನೆ, ಆಗಾಗ ಎದ್ದು ಕಿಟಕಿ ತೆರೆಯುತ್ತೇನೆ. ಆದರೂ ಪೆಟ್ಟಿಗೆ ಉಸಿರು ಬಿಟ್ಟಾಗಲೆಲ್ಲ ಅಜವಾನದ ವಾಸನೆ ಬಂದಂತಾಗಿ ಮಗಳ ಮೂಗಿನ ಬಳಿ ಬೆರಳು ಹಿಡಿಯುತ್ತೇನೆ. ಕಲಬುರಗಿಗೆ ಹೋದರೆ ಬೆಳಕಿಂಡಿಯ ಕೆಳಗೂ ನಿದ್ದೆ ಬರುವುದಿಲ್ಲ. ಅಲ್ಲಿ ಅವ್ವ ಮೊಮ್ಮಗಳನ್ನು ದೂರದಿಂದಲೇ ನೋಡುತ್ತಾಳೆ. ಎತ್ತಿಕೋ ಎಂದರೆ, "ಬ್ಯಾಡವ್ವಾ, ನನ್ನ ಕೈ ನೆಚ್ಚಬ್ಯಾಡ," ಎನ್ನುತ್ತಾಳೆ. ಎದುರಿಗೆ ಕೂತು ನಿಜ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಅವ್ವನಿಗೆ ಓದು ಬರುವುದಿಲ್ಲ. ಊರಲ್ಲಿ ಇದನ್ನು ಓದಿದ ಯಾರಾದರೂ ಅವಳ ಪಕ್ಕ ಕೂತು ಇಷ್ಟು ಓದಿ ಹೇಳಿ: ಅವ್ವಾ, ನೀನು ಮರೆತಿರಲಿಲ್ಲ. ಕಿಡಕಿ ಮುಚ್ಚಿದಾಕಿ ನಾನು.