ಅಕ್ಕೋರ ಖೋ

ಖಾನಾಪುರದಲ್ಲಿ ನಮಗೆ ಖೋಖೋ ಕಲಿಸಿದ ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಮೈದಾನಕ್ಕೆ ಇಳಿಯುತ್ತಿದ್ದರು. ಒಂದೇ ತಂಡವಾದರೂ ಅನಗೋಳದಿಂದ ಬಂದು ಸೇರಿದ ನಾವು ನಮ್ಮ ಗೆಳತಿಯರಿಗೇ ಖೋ ಕೊಡುತ್ತಿದ್ದೆವು, ಖಾನಾಪುರದವರು ತಮ್ಮವರಿಗೇ. ಸೋತದ್ದೇ ಹೆಚ್ಚು. “ಮಾರಿ ನೋಡಬ್ಯಾಡ್ರವಾ, ಬೆನ್ನ ನೋಡ್ರಿ!” ಎಂದು ಅಕ್ಕೋರು ಕೂಗುತ್ತಲೇ ಇರುತ್ತಿದ್ದರು.

ಒಂದು ಸಂಜೆ ಕೂಗುವುದನ್ನು ಬಿಟ್ಟು ತಾವೇ ನಮ್ಮ ಸಾಲಿನಲ್ಲಿ ಕುಳಿತರು. ಅವರ ಬೆನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ.

“ಯಾಕ, ನನಗ ಖೋ ಕೊಡಾಕ ಮುಹೂರ್ತ ನೋಡಬೇಕೇನ?”

ಖಾನಾಪುರದ ಹುಡುಗಿಯೊಬ್ಬಳು ಹೆದರುತ್ತಲೇ ಮುಟ್ಟಿದಳು. ಅಕ್ಕೋರು ಚಂಗನೆ ಎದ್ದು ಓಡಿ ಬಂದು ನನಗೆ ಖೋ ಕೊಟ್ಟರು. ಆ ಭರದಲ್ಲಿ ನಾನು ಮುಖ ನೋಡದೆ ಕಂಡ ಬೆನ್ನು ಮುಟ್ಟಿದೆ, ಅದು ಖಾನಾಪುರದವಳದು. ಆಮೇಲೆ ನಾವು ಗೆಲ್ಲತೊಡಗಿದೆವು.

ಈಗ ಆಫೀಸಿನಲ್ಲಿ ಯಾರಾದರೂ ಹಿಂದಿನಿಂದ ಬೆನ್ನು ಮುಟ್ಟಿದರೆ ಅರ್ಧ ಎದ್ದುಬಿಡುತ್ತೇನೆ. ತಿರುಗಿ ಮುಖ ನೋಡುವ ತನಕ ಅದು ಅಕ್ಕೋರ ಕೈ.