ಎರಡನೆಯ ಓದುಗರು ಬೇಕಾಗಿದ್ದರು

ಹೊಸಬಾಳೆಯ ತೃಪ್ತಿ ಶಿಕಾರಿಪುರದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ತರಬೇತಿ ಕೇಂದ್ರ ಅದು. ಅಲ್ಲಿ ಲೆಕ್ಕಪತ್ರದ ಟ್ಯಾಲಿ ಕಲಿಸುವುದು ನನ್ನ ಕೆಲಸ, ವೆಬ್‌ಸೈಟ್ ಕಟ್ಟುವುದನ್ನು ಕಲಿಸುವುದು ಅವಳದು. ಬೆಳಗಿನ ಬಸ್ಸಿಗೆ ಅವಳು ಸೊರಬದಲ್ಲಿ ಹತ್ತಿದರೆ ನಾನು ಶಿರಾಳಕೊಪ್ಪದಲ್ಲಿ ಹತ್ತುತ್ತೇನೆ. ನನಗೊಂದು ಸೀಟು ಹಿಡಿದಿಟ್ಟು, ನಾನು ಕೂತ ಮೇಲೆ ಮತ್ತೆ ಮೊಬೈಲಿನಲ್ಲಿ ಬರೆಯಲು ಶುರು ಮಾಡುತ್ತಿದ್ದಳು. ಯಾರೊಂದಿಗೋ ಮಾತಾಡುತ್ತಿದ್ದಾಳೆ ಎಂದೇ ಬಹಳ ದಿನ ನಾನು ತಿಳಿದಿದ್ದೆ.

ಅವಳು ಬರೆಯುತ್ತಿದ್ದದ್ದು ಒಂದು ಫ್ರೇಮ್‌ವರ್ಕಿನ ಇಂಗ್ಲಿಷ್ ಕೈಪಿಡಿಯನ್ನು, ಕನ್ನಡದಲ್ಲಿ. ವೆಬ್‌ಸೈಟ್ ಕಟ್ಟುವವರಿಗೆ ಬೇಕಾದ ಸಲಕರಣೆ ಅದು. ಒಡೆಯನಿಲ್ಲದ್ದು, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಪುಟವನ್ನು ಅದು ಬಿಡಿಬಿಡಿ ಭಾಗಗಳಾಗಿ ಕಟ್ಟಿಸುತ್ತದೆ. ಆ ಭಾಗಕ್ಕೆ ಕಾಂಪೊನೆಂಟ್ ಎನ್ನುತ್ತಾರೆ. ತೃಪ್ತಿ ತರಗತಿಯಲ್ಲಿ ಹೇಳುತ್ತಿದ್ದಳು: ಸಿಮೆಂಟ್ ಕಿಟಕಿ ಮಾಡುವವರು ಒಂದು ಅಚ್ಚು ಮಾಡಿಕೊಂಡು ಊರಿನ ಮನೆಗಳಿಗೆಲ್ಲ ಅದರಲ್ಲೇ ಕಿಟಕಿ ಎರಕ ಹೊಯ್ಯುತ್ತಾರಲ್ಲ, ಹಾಗೆ.

ತರಗತಿಯಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತಿತ್ತು. ಮನೆಗೆ ಹೋಗಿ ಕೈಪಿಡಿ ತೆರೆದರೆ ಇಂಗ್ಲಿಷಿನ ಮೊದಲ ಪ್ಯಾರಾದಲ್ಲೇ ನಿಂತುಬಿಡುತ್ತಿದ್ದರು. ಅಂಜನಾಪುರದ ಚೌಡೇಶ್ ಎಂಬ ಚುರುಕಾದ ಹುಡುಗ, "ಮಿಸ್, ನಿಮ್ಮ ಬಾಯಾಗ ತಿಳಿತೈತಿ, ಅದರ ಬಾಯಾಗ ತಿಳಿವಲ್ದು" ಎಂದಿದ್ದ. ತೃಪ್ತಿಯೂ ಕನ್ನಡ ಶಾಲೆಯಲ್ಲೇ ಓದಿದವಳು, ಅವರ ಮನೆಯ ಮೊದಲ ಪದವೀಧರೆ. ಅವತ್ತೇ ಮೊದಲ ಅಧ್ಯಾಯ ಕೈಗೆತ್ತಿಕೊಂಡಳು.

ಮುಗಿಸಿದ ಅಧ್ಯಾಯಗಳನ್ನು ಆ ಫ್ರೇಮ್‌ವರ್ಕ್ ನೋಡಿಕೊಳ್ಳುವ ಗುಂಪಿಗೆ ಕಳಿಸಿದಳು. ಅವರು ಸಂತೋಷಪಟ್ಟರು, ಒಂದು ನಿಯಮವನ್ನೂ ಹೇಳಿದರು. ಕನ್ನಡ ಬಲ್ಲ, ಈ ಫ್ರೇಮ್‌ವರ್ಕಿನಲ್ಲಿ ಕೆಲಸ ಮಾಡಿದ ಇನ್ನೊಬ್ಬರು ಪ್ರತಿ ಅಧ್ಯಾಯವನ್ನೂ ಓದಿ ಒಪ್ಪಬೇಕು. ಫ್ರೇಮ್‌ವರ್ಕಿನ ಹೊಸ ಆವೃತ್ತಿ ಬರುವುದರೊಳಗೆ ಅಂಥವರು ಸಿಕ್ಕರೆ ಕನ್ನಡದ ಕೈಪಿಡಿ ಎಲ್ಲ ಭಾಷೆಗಳ ಜೊತೆಗೆ ಅಲ್ಲಿ ಕಾಣಿಸುತ್ತದೆ. ಸಿಗದಿದ್ದರೆ ಇಲ್ಲ.

ತೃಪ್ತಿಗೆ ಹೆದರಿಕೆಯಾಗಲಿಲ್ಲ. ಅವಳು ಬೆಳೆದದ್ದು ಮುಯ್ಯಾಳಿನ ಊರಿನಲ್ಲಿ. ನಾಟಿಗೆ ಇವತ್ತು ನಾವು ನಿಮ್ಮ ಗದ್ದೆಗೆ ಹೋದರೆ ನಾಳೆ ನೀವು ನಮ್ಮ ಗದ್ದೆಗೆ ಬರುತ್ತೀರಿ. ಕೂಲಿಯ ಮಾತಿಲ್ಲ, ಬರೆದಿಡುವುದೂ ಇಲ್ಲ. ಬರದೇ ಉಳಿದವರು ಊರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ. ಒಡೆಯನಿಲ್ಲದೆ ಎಲ್ಲರೂ ಸೇರಿ ಮಾಡುವ ಈ ಕೆಲಸವೂ ಹಾಗೇ ನಡೆಯುತ್ತದೆ ಎಂದು ಅವಳು ನಂಬಿದಳು. ಅದಕ್ಕೇ ಮೊದಲು ಬೇರೆಯವರ ಗದ್ದೆಗೆ ಇಳಿದಳು.

ಸೊರಬದ ಕಡೆಯವರೇ ಆದ ಶ್ರೀಕಾಂತ ಎನ್ನುವವರು ಅದೇ ಫ್ರೇಮ್‌ವರ್ಕಿಗೆ ಒಂದು ಕ್ಯಾಲೆಂಡರ್ ಕಾಂಪೊನೆಂಟ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅದರ ಸೂಚನೆಗಳು ಅರೆಬರೆಯಾಗಿದ್ದವು. ತೃಪ್ತಿ ಅವನ್ನು ಇಂಗ್ಲಿಷಿನಲ್ಲಿಯೇ ಕಷ್ಟಪಟ್ಟು ಸರಿಮಾಡಿದಳು. ಅದನ್ನು ಬಳಸುವವರು ಕೇಳುವ ಪ್ರಶ್ನೆಗಳಿಗೆ ಒಂದು ವರ್ಷ ಅವಳೇ ಉತ್ತರ ಕೊಟ್ಟಳು. "ಅವ್ರು ನಮ್ ಅಧ್ಯಾಯ ಓದೇ ಓದ್ತಾರೆ ನೋಡಿ" ಎಂದು ಬಸ್ಸಿನಲ್ಲಿ ನನಗೆ ಹೇಳುತ್ತಿದ್ದಳು.

ಹೊಸ ಆವೃತ್ತಿ ಹತ್ತಿರ ಬಂದಾಗ ಶ್ರೀಕಾಂತ ಒಂದು ನಾಮಕರಣಕ್ಕೆ ಸೊರಬಕ್ಕೆ ಬಂದಿದ್ದರು. ಹೋಟೆಲೊಂದರಲ್ಲಿ ಭೇಟಿಯಾಗೋಣ ಎಂದರು. ತೃಪ್ತಿ ನನ್ನನ್ನೂ ಕರೆದುಕೊಂಡು ಹೋದಳು. ಒಳ್ಳೆಯ ಮನುಷ್ಯ, ದೋಸೆ ತರಿಸಿದರು.

"ನಿಮ್ಮ ಕ್ಯಾಲೆಂಡರಿಂದು ಎಲ್ಲ ಸರಿ ಹೋಯ್ತಲ್ಲ ಸರ್" ಎಂದು ತೃಪ್ತಿ ಶುರು ಮಾಡಿದಳು.

"ಬಹಳ ಚೆನ್ನಾಗಿ ಮಾಡಿದೀರಿ. ಆಗ್ಲೇ ಥ್ಯಾಂಕ್ಸ್ ಹೇಳಿದ್ನಲ್ಲ."

"ಹೇಳಿದ್ರಿ."

"ಮತ್ತೆ?"

"ಈಗ ನೀವು ಬರ್ಬೇಕಲ್ಲ ಸರ್."

"ಎಲ್ಲಿಗೆ?"

ಅವರಿಗೆ ನಿಜವಾಗಿ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದ ಮೇಲೆ ನಕ್ಕರು. ನಗುವಿನಲ್ಲಿ ಕುಹಕವಿರಲಿಲ್ಲ.

"ಓ, ಮುಯ್ಯಾಳಾ? ನಮ್ಮಜ್ಜಿ ಹೇಳ್ತಿದ್ರು. ಇಲ್ಲಿ ಹಂಗೆಲ್ಲ ಇಲ್ಲ ತೃಪ್ತಿಯವ್ರೇ. ಯಾರಿಗೆ ಏನಿಷ್ಟನೋ ಅದು ಮಾಡ್ತಾರೆ. ನೀವು ನಿಮ್ಮ ಖುಷಿಗೆ ಮಾಡ್ತಿದೀರಿ ಅಂದ್ಕೊಂಡಿದ್ದೆ. ನಾನು ಕರ್ದಿರಲಿಲ್ವಲ್ಲ?"

"ಇಲ್ಲ ಸರ್, ನಾನೇ ಬಂದೆ."

"ನಂಗೆ ಈಗ ಇದನ್ನ ಕನ್ನಡದಲ್ಲಿ ಓದೋಕೂ ಆಗಲ್ಲ ಬಿಡಿ. ಕೋಡೆಲ್ಲ ಈಗ ಮಷೀನೇ ಬರೀತಿದೆ. ಕೈಪಿಡಿ ಯಾರು ಓದ್ತಾರೆ?"

ಅಲ್ಲಿಂದ ಇಬ್ಬರೂ ಹೊಸಬಾಳೆಗೆ ಹೋದೆವು. ತೃಪ್ತಿಯ ತಾಯಿ ಗುಡ್ಡಮ್ಮ ಅಂಗಳದಲ್ಲಿ ಹುಲ್ಲು ಕಟ್ಟುತ್ತಿದ್ದರು. ಮಗಳ ಮುಖ ನೋಡಿಯೇ ಕೇಳಿದರು.

"ಬರಾಕಿಲ್ಲ ಅಂದ್ನ?"

"ಹೂಂ ಅವ್ವ."

"ಮಾತಾಡದೆ ಗದ್ದೆಗೆ ಇಳ್ದೆ ನೀನು. ಅವ್ನಿಗೆ ನಾಟಿ ಐತಾ ಇಲ್ವಾ, ಯಾರ ಮನೆಗೆ ಮುಯ್ಯಿಗೆ ಹೋಗ್ತಾನೆ, ಏನಾರ ಕೇಳಿದ್ಯೇನೆ? ಊರಲ್ಲದ ಊರಿಗೆ ಹೋಗಿ ವರ್ಸಗಟ್ಲೆ ಬೆನ್ನು ಬಗ್ಗಿಸ್ಕಂಡು ಬಂದೀಯ."

"ಅದೂ ಊರೇ ಅಂದ್ಕಂಡಿದ್ದೆ ಅವ್ವ" ಎಂದು ತೃಪ್ತಿ ಒಳಗೆ ಹೋದಳು. ಗುಡ್ಡಮ್ಮ ನನ್ನ ಕಡೆ ತಿರುಗಿ, "ನೀವಾರ ಓದಿ ಸೈ ಅನ್ರಿ" ಎಂದರು. ಟ್ಯಾಲಿ ಮಾತ್ರ ಬಲ್ಲವರು ಇದಕ್ಕೆ ಆಗುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಲು ನನಗೆ ಆಗಲಿಲ್ಲ.

ಉಳಿದಿದ್ದವನು ಚೌಡೇಶ್. ಕಲಿಕೆ ಮುಗಿಸಿ ಮೊಬೈಲ್ ಅಂಗಡಿ ಸೇರಿದ್ದ. ಆ ಅಂಗಡಿಯ ವೆಬ್‌ಸೈಟನ್ನು ಇದೇ ಫ್ರೇಮ್‌ವರ್ಕಿನಲ್ಲಿ ಕಟ್ಟಿದ್ದರಿಂದ ಗುಂಪಿನವರು ಅವನಾದರೂ ಆದೀತು ಎಂದರು. ತೃಪ್ತಿ ಅಧ್ಯಾಯಗಳನ್ನು ಕಳಿಸಿದಳು. ಎಷ್ಟು ದಿನವಾದರೂ ಉತ್ತರ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವನೇ ಕೇಂದ್ರಕ್ಕೆ ಬಂದು ಬಾಗಿಲಲ್ಲಿ ನಿಂತ.

"ಮಿಸ್, ಬೈಬ್ಯಾಡ್ರಿ. ಎರಡು ಪುಟ ಓದೀನಿ. ಕನ್ನಡದಾಗ ಓದಿದ್ರ ಇನ್ನೂ ತೊಡಕ ಆಗ್ತೈತಿ."

"ಎಲ್ಲಿ ತೊಡಕಾಯ್ತು ಹೇಳು, ತಿದ್ದೋಣ."

"ತಪ್ಪೇನಿಲ್ರಿ. ರೂಢಿ ತಪ್ಪೇತಿ. ಈಗ ವಿಡಿಯೋ ನೋಡ್ತೀನಿ, ಇಲ್ಲಾ ಮೊಬೈಲಿಗೇ ಕೇಳ್ತೀನಿ, ಅದೇ ಬರದು ಕೊಡ್ತೈತಿ. ನೀವು ಹೂಂ ಅನ್ರಿ, ಎಲ್ಲಾದಕ್ಕೂ ಒಪ್ಪಿಗೆ ಒತ್ತಿಬಿಡ್ತೀನಿ."

"ಓದದೆ ಒತ್ತಬೇಡ ಚೌಡೇಶ್. ತಪ್ಪಿದ್ರೆ ಓದಿದವರು ದಾರಿ ತಪ್ತಾರೆ."

"ಓದೋರು ಯಾರದಾರ್ರಿ ಮಿಸ್?"

ತಮಾಷೆಗೆ ಅಂದದ್ದು. ಆಡಿದ ಮೇಲೆ ಅವನಿಗೂ ಹೇಗೋ ಆಯಿತು. ಅಂಗಡಿಗೆ ಹೊತ್ತಾಯಿತು ಎಂದು ಇಳಿದು ಹೋದ.

ಮಳೆಗಾಲಕ್ಕೆ ಮೊದಲು ಹೊಸ ಆವೃತ್ತಿ ಬಂತು. ಕಾಂಪೊನೆಂಟ್ ಕಟ್ಟುವ ರೀತಿಯೇ ಬದಲಾಗಿತ್ತು, ಇಂಗ್ಲಿಷ್ ಕೈಪಿಡಿಯನ್ನು ಬುಡದಿಂದ ಹೊಸದಾಗಿ ಬರೆದಿದ್ದರು. ಗುಂಪಿನವರು ತೃಪ್ತಿಗೆ ಎರಡು ಸಾಲು ಬರೆದರು: ನಿಮ್ಮ ಶ್ರಮಕ್ಕೆ ಕೃತಜ್ಞತೆಗಳು, ಕನ್ನಡದ ಕೆಲಸವನ್ನು ಮುಚ್ಚಿದ್ದೇವೆ. ಅವಳ ಅಧ್ಯಾಯಗಳು ಈಗ ಅವಳ ಮೊಬೈಲಿನಲ್ಲಷ್ಟೇ ಇವೆ. ಹಳೆಯ ಆವೃತ್ತಿಯವಾದ್ದರಿಂದ ತರಗತಿಯಲ್ಲಿ ಅವಳೂ ಅವನ್ನು ತೆರೆಯುವುದಿಲ್ಲ. ಬಸ್ಸಿನಲ್ಲಿ ಸೀಟು ಹಿಡಿಯುತ್ತಾಳೆ, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಾಳೆ.

ಈ ಸಲದ ತಂಡದಲ್ಲಿ ಕುಪ್ಪಗಡ್ಡೆಯ ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ. ಮೊದಲ ದಿನ ಪರದೆಯ ಮೇಲೆ ಇಂಗ್ಲಿಷ್ ಕೈಪಿಡಿ ಕಂಡಾಗ ಮೆಲ್ಲಗೆ ಕೇಳಿದಳು.

"ಮಿಸ್, ಇದು ಕನ್ನಡದಲ್ಲಿ ಇಲ್ವಾ?"

ತೃಪ್ತಿ ಇಲ್ಲ ಎಂದಳು. ಆಮೇಲೆ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಪದದ ಅರ್ಥ ಹೇಳತೊಡಗಿದಳು.